ಕ್ಯಾಸನೂರಿನ ಪಾಠ: ಅಳೆಯದ ವಿಷ, ಬರೆಯದ ಲೆಕ್ಕ

ಸೊರಬ ತಾಲೂಕಿನ ಕ್ಯಾಸನೂರು ಎಂಬ ಪುಟ್ಟ ಊರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ಸೇರಿಹೋಗಿದೆ. ಈ ಕೀರ್ತಿಯನ್ನು ಊರು ಬೇಡಿರಲಿಲ್ಲ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತು ಬಿದ್ದವು. ಅದರ ಬೆನ್ನಲ್ಲೇ ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರ, ಮೈಕೈ ನೋವು ಮತ್ತು ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಆ ವರ್ಷ ದಾಖಲಾದ ರೋಗಿಗಳ ಸಂಖ್ಯೆ 466. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದವರೇ ಅವರಲ್ಲಿ ಹೆಚ್ಚಿನವರು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು, ವಿಜ್ಞಾನಿಗಳು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಮೊದಲು ಕಾಡಿನ ಜೀವಿ ಸಾಯುತ್ತದೆ, ಆಮೇಲೆ ಕಾಡಂಚಿನ ಮನುಷ್ಯ ಸಾಯುತ್ತಾನೆ. ಈ ಸರಳ ಸತ್ಯ ಆರು ದಶಕಗಳ ಹಿಂದೆಯೇ ಮಲೆನಾಡಿನ ನೆಲದಲ್ಲಿ ಸಾಬೀತಾಗಿದ್ದರೂ ಆಡಳಿತ ವ್ಯವಸ್ಥೆಯು ಅದನ್ನು ಇನ್ನೂ ಪಾಠವಾಗಿ ಸ್ವೀಕರಿಸಿಲ್ಲ.

ಮಂಗಗಳು ಸಾಯುತ್ತಿವೆ ಎಂಬ ಸುದ್ದಿ ಕೇಳಿ ಅಂದಿನ ವಿಜ್ಞಾನಿಗಳು ಬೆಚ್ಚಿದ್ದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುತ್ತಿದ್ದ ಹಳದಿ ಜ್ವರ ಏಷ್ಯಾ ಖಂಡಕ್ಕೂ ಕಾಲಿಟ್ಟಿತೇ ಎಂಬ ಭಯವದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಸೊರಬದ ಕಾಡಿಗೆ ಬಂದು ಸತ್ತ ಮಂಗ, ರೋಗಿಯ ರಕ್ತ ಮತ್ತು ಉಣುಗುಗಳಲ್ಲಿ ಹೊಸದೊಂದು ವೈರಾಣುವನ್ನು ಪತ್ತೆಹಚ್ಚಿದರು. ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳ ಮೂಲಕ ಹರಡುವ ಮಿದುಳು ಜ್ವರದ ವೈರಾಣುಗಳಿಗೆ ಸಮೀಪದ ಬಂಧುವಾಗಿತ್ತು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಗಳ ನಡುವೆ ಕಾದು ಕುಳಿತಿದ್ದು, ಆ ದಾರಿಯಲ್ಲಿ ನಡೆದವರನ್ನು ಕಚ್ಚುತ್ತವೆ. ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮರಿ ಉಣುಗುಗಳು ಹೆಚ್ಚಿರುವ ಕಾಲದಲ್ಲಿ, ರೋಗ ಉಲ್ಬಣಿಸುವುದು ಇದೇ ಕಾರಣಕ್ಕೆ.

ಆದರೆ ಉಣುಗು ಹೊಸದಾಗಿ ಬಂದದ್ದಲ್ಲ, ಕಾಡೂ ಹೊಸದಲ್ಲ. ಹಾಗಿದ್ದ ಮೇಲೆ ಕಾಯಿಲೆ ಆಗಲೇ ಏಕೆ ಸ್ಫೋಟಿಸಿತು? ಈ ಪ್ರಶ್ನೆಯನ್ನು ಎತ್ತಿಕೊಂಡ ಜಾರ್ಜ್ ಬೊಶೆಲ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಾಡಿನ ಸ್ಥಿತ್ಯಂತರದತ್ತ ಬೊಟ್ಟು ಮಾಡಿದರು. ಗದ್ದೆಗಾಗಿ ಕಾಡು ಕಡಿದಾಗ ಉಂಟಾದ ಅಂಚುಗಳಲ್ಲಿ ಲಂಟಾನದಂಥ ಪೊದೆ ಬೆಳೆಯಿತು, ಅಲ್ಲಿಗೆ ಜಾನುವಾರು ನುಗ್ಗಿತು. ದನಗಳ ಮೈಮೇಲೆ ಉಣುಗುಗಳ ಸಂತತಿ ಹೇರಳವಾಗಿ ವೃದ್ಧಿಸಿತು. ಕಾಡಿನೊಳಗೆ ಸಣ್ಣ ಪ್ರಾಣಿಗಳ ನಡುವೆ ತಣ್ಣಗೆ ಸುತ್ತುತ್ತಿದ್ದ ವೈರಾಣುವಿಗೆ ಮನುಷ್ಯನ ಹಿತ್ತಲಿನವರೆಗೆ ದಾರಿ ತೆರೆಯಿತು. ಕಾಡು, ತೋಟ, ನೆಡುತೋಪುಗಳು ತುಂಡುತುಂಡಾಗಿ ಬೆರೆತ ಪ್ರದೇಶಗಳಲ್ಲಿ, ಜಾನುವಾರು ಸಾಂದ್ರತೆ ಹೆಚ್ಚಿರುವಲ್ಲಿ, ಕಾಯಿಲೆಯ ಅಪಾಯ ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿತು. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಅದನ್ನು ಕೈಗೊಂಡಿದ್ದರು. ಅರ್ಧ ಶತಮಾನದ ಅಂತರದಲ್ಲಿ ನಡೆದ ಎರಡು ಸಂಶೋಧನೆಗಳು ಒಂದೇ ದಿಕ್ಕನ್ನು ತೋರಿಸುತ್ತಿವೆ.

ಇದಕ್ಕೆ ಅತ್ಯಂತ ಕಠೋರ ಸಾಕ್ಷ್ಯ ದೊರೆತದ್ದು ಘಟ್ಟದ ಕೆಳಗೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಪ್ರದೇಶದಲ್ಲಿ ಗೇರು ನೆಡುತೋಪಿಗೆಂದು ದಟ್ಟ ಕಾಡನ್ನು ಸವರಲಾಯಿತು. ಅದರ ಹಿಂದೆಯೇ ಬಂದ ಮಂಗನ ಕಾಯಿಲೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಾಡಿ, ಹಲವರನ್ನು ಬಲಿ ತೆಗೆದುಕೊಂಡಿತು. ಕಥೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ನಿಡ್ಲೆ, ಪಟ್ರಮೆ, ಕೊಕ್ಕಡ ಸುತ್ತಲಿನ ಗೇರು ತೋಪುಗಳ ಮೇಲೆ ಮುಂದೆ ಎಂಡೋಸಲ್ಫಾನ್ ಸುರಿಯಿತು. ಕಾಡು ಕಡಿದಾಗ ಒಂದು ರೋಗ, ಕಡಿದ ಜಾಗದಲ್ಲಿ ನೆಟ್ಟ ಬೆಳೆಯನ್ನು ಕಾಯಲು ಸಿಂಪಡಿಸಿದ ವಿಷದಿಂದ ಮತ್ತೊಂದು ಸಂಕಟ. ಎರಡೂ ಬಂದೆರಗಿದ್ದು ಒಂದೇ ಜನರ ಮೇಲೆ. ಕಾಡು ಮತ್ತು ಆರೋಗ್ಯವನ್ನು ಎರಡು ಬೇರೆ ಇಲಾಖೆಗಳ ಕಡತಗಳಾಗಿ ನೋಡುವವರು ಈ ಮೂರು ಊರುಗಳ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಕಾಯಿಲೆಯ ಮೂಲ ಕಾಡಿನ ಅವ್ಯವಸ್ಥೆಯಲ್ಲಿದೆ ಎಂದು ಸಂಶೋಧನೆ ಹೇಳಿದರೆ, ಸರ್ಕಾರ ಕಂಡುಕೊಂಡ ಉತ್ತರ ಬಹುಮಟ್ಟಿಗೆ ಪುಡಿ, ಎಣ್ಣೆ ಮತ್ತು ಸೂಜಿಗೆ ಸೀಮಿತವಾಯಿತು. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಮೊದಲು ಡಿಎಂಪಿ ಎಣ್ಣೆ, ನಂತರ ಡೆಪಾ ಎಣ್ಣೆ ಕೊಡಲಾಯಿತು. ಲಸಿಕೆಯ ರಕ್ಷಣಾ ಸಾಮರ್ಥ್ಯ ಸಾಲದೆಂದು ಸಿದ್ಧವಾದ ಮೇಲೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಅಭಿವೃದ್ಧಿ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಮಂಗ ಸತ್ತ ಸ್ಥಳದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಮೆಲಾಥಿಯಾನ್ ಪುಡಿ ಎರಚುವುದು ರೂಢಿಗೆ ಬಂದಿತು. ಉಣುಗು ಸಾಯಲೆಂದು ಎರಚುವ ಈ ಪುಡಿ ತರಗೆಲೆಯಲ್ಲೇ ಉಳಿಯುವುದಿಲ್ಲ. ಮಳೆ ಬಿದ್ದಾಗ ಅದು ಹರಿದು ಸೇರುವುದು ಹಳ್ಳವನ್ನು, ಹಳ್ಳದ ಕೆಳಗಿನ ಗದ್ದೆಯನ್ನು, ಗದ್ದೆಯ ಕೆಳಗಿನ ಕೆರೆಯನ್ನು.

ಮೆಲಾಥಿಯಾನ್ ನಿರಪಾಯಕಾರಿ ಎಂಬ ನಂಬಿಕೆ ಬಹುಕಾಲ ಇತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ರಾಸಾಯನಿಕಗಳ ಗುಂಪಿಗೆ ಸೇರಿಸಿತು. 2020ರಲ್ಲಿ ಕೇಂದ್ರ ಸರ್ಕಾರ ನಿಷೇಧಕ್ಕೆಂದು ಕರಡು ಪ್ರಕಟಿಸಿದ 27 ಕೀಟನಾಶಕಗಳ ಪಟ್ಟಿಯಲ್ಲಿಯೂ ಅದರ ಹೆಸರಿತ್ತು, ಆದರೆ 2023ರ ಅಂತಿಮ ಆದೇಶ ಕೆಲವೇ ಹೆಸರುಗಳಿಗೆ ಮೊಟಕಾಯಿತು. ಇದಕ್ಕೂ ಮೊದಲು ಶಿವಮೊಗ್ಗ ಜಿಲ್ಲೆಯೊಳಗಿನಿಂದಲೇ ಒಂದು ಎಚ್ಚರಿಕೆ ಬಂದಿತ್ತು. ಕುವೆಂಪು ವಿಶ್ವವಿದ್ಯಾಲಯದ ಎಚ್.ಪಿ. ಗುರುಶಂಕರ, ಎಸ್.ವಿ. ಕೃಷ್ಣಮೂರ್ತಿ ಮತ್ತು ವಿ. ವಾಸುದೇವ ಅವರು ಗದ್ದೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿಕ್ಕ ಕಪ್ಪೆಯ ಗೊದಮೊಟ್ಟೆಗಳ ಮೇಲೆ ಮೆಲಾಥಿಯಾನಿನ ಪರಿಣಾಮವನ್ನು ಪರೀಕ್ಷಿಸಿದರು. ಮರಿಗಳ ಉಳಿವು, ಬೆಳವಣಿಗೆ, ಆಹಾರ ಸೇವನೆ ಮೂರೂ ಕುಗ್ಗುತ್ತವೆಂದು 2007ರಲ್ಲಿ ಅವರು ಪ್ರಕಟಿಸಿದರು. ಅದೇ ವರ್ಷ ಅವರು ಪ್ರಕಟಿಸಿದ ಇನ್ನೊಂದು ಪ್ರಬಂಧವು ಮಧ್ಯ ಪಶ್ಚಿಮ ಘಟ್ಟದ ಕೃಷಿ ನೆಲಗಳಲ್ಲಿ ಬದುಕುವ ಕಪ್ಪೆಗಳಲ್ಲಿ ಕಂಡುಬಂದ ಅಂಗವಿಕಾರಗಳನ್ನು ದಾಖಲಿಸಿತು. ಕಪ್ಪೆ ನೀರಿನಲ್ಲಿ ಹುಟ್ಟಿ ನೆಲದ ಮೇಲೆ ಬದುಕುವ, ಚರ್ಮದಿಂದಲೂ ಉಸಿರಾಡುವ ಜೀವಿ. ನೀರಿನ ವಿಷವೂ ಮಣ್ಣಿನ ವಿಷವೂ ಮೊದಲು ಅದರ ಮೈ ಸೇರುತ್ತವೆ. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆ ಕಡಿಮೆಯಾದರೆ ಕೀಟ ಹೆಚ್ಚುತ್ತದೆ, ಕೀಟ ಹೆಚ್ಚಿದರೆ ಸಿಂಪಡಣೆ ಹೆಚ್ಚುತ್ತದೆ.

ರೋಗ ಹರಡುತ್ತಿರುವಾಗ ಪುಡಿ ಎರಚಲೇಬಾರದು ಎಂಬುದು ಈ ಮಾತಿನ ಅರ್ಥವಲ್ಲ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಕಾಣಿಸಿಕೊಂಡು ಸಾವುಗಳು ಸಂಭವಿಸಿದಾಗ ಆ ಊರಿನ ಜನರಿಗೆ ಕಪ್ಪೆಯ ಲೆಕ್ಕ ಹೇಳುವುದು ಕ್ರೌರ್ಯವಾಗುತ್ತಿತ್ತು. ತುರ್ತು ಕ್ರಮ ತುರ್ತಿಗೆ ಬೇಕೇ ಬೇಕು. ಆದರೆ ಪ್ರತಿ ಬೇಸಿಗೆಯೂ ತುರ್ತೇ ಆಗುವುದಾದರೆ, ಎಷ್ಟು ಪುಡಿ ಯಾವ ಕಾಡಿಗೆ ಬಿತ್ತು, ಅದರಿಂದ ಉಣುಗು ನಿಜಕ್ಕೂ ಎಷ್ಟು ಕಡಿಮೆಯಾಯಿತು, ಕೆಳಗಿನ ನೀರಿಗೆ ಎಷ್ಟು ಸೇರಿತು ಎಂಬ ಮೂರು ಲೆಕ್ಕಗಳು ಸಾರ್ವಜನಿಕರ ಮುಂದೆ ಇರಬೇಕಾದದ್ದು ನ್ಯಾಯ.

ಕಾಡಿಗೆ ಬೀಳುವ ಪುಡಿ ಹೊಲಗದ್ದೆಗಳಿಗೆ ಬೀಳುವ ವಿಷದ ಮುಂದೆ ಚಿಟಿಕೆಯಷ್ಟೇ. ಶಿಕಾರಿಪುರ ಮತ್ತು ಸೊರಬ ತಾಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಮಡಿಲು. ನೂರಾರು ಕೆರೆಗಳ ಆಸರೆಯಲ್ಲಿ ಭತ್ತ ಬೆಳೆಯುತ್ತಿದ್ದ ಈ ಸೀಮೆಯನ್ನು ಕಳೆದ ಮೂರು ದಶಕಗಳಲ್ಲಿ ಮೆಕ್ಕೆಜೋಳ, ಶುಂಠಿ, ಅನಾನಸು, ಅಡಿಕೆ ಆವರಿಸಿಕೊಂಡಿವೆ. ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಹಬ್ಬಿವೆ. ಶುಂಠಿಯಂಥ ಬೆಳೆ ಗುತ್ತಿಗೆ ನೆಲದಲ್ಲಿ ಒಂದೆರಡು ವರ್ಷ ಬೆಳೆದು ಮುಂದಿನ ನೆಲಕ್ಕೆ ಹೋಗುತ್ತದೆ. ಮಣ್ಣಿಗೆ ಸುರಿದ ಔಷಧಿ ಮಾತ್ರ ಅಲ್ಲಿಯೇ ಉಳಿಯುತ್ತದೆ. ಅದನ್ನು ಔಷಧಿ ಎಂದೇ ಕರೆಯುವುದು ರೂಢಿ. ಆ ಹೆಸರೇ ಅರ್ಧ ಮೋಸ. ಗದ್ದೆಗಳಲ್ಲಿ ಬಳಕೆಯಲ್ಲಿದ್ದ ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ ದೇಶಾದ್ಯಂತ ನಿಷೇಧಗೊಂಡಿತು. ಮಣ್ಣಿಗೆ ಬೆರೆಸುವ ಹರಳು ರೂಪದ ಫೋರೇಟ್ ಮಾರಾಟಕ್ಕೆ 2020ರ ಡಿಸೆಂಬರ್ 31ಕ್ಕೆ ತೆರೆ ಬಿತ್ತು. ಇವು ಅತ್ಯಂತ ಅಪಾಯಕಾರಿ ಎಂದು ಸರ್ಕಾರವೇ ಒಪ್ಪಿತು. ಆದರೆ ಅಲ್ಲಿಯವರೆಗೆ ಈ ನೆಲಕ್ಕೆ ಬಿದ್ದದ್ದು ಎಲ್ಲಿ ಹೋಯಿತು, ಯಾರ ಮೈ ಸೇರಿತು ಎಂಬ ಪ್ರಶ್ನೆಯನ್ನು ನಿಷೇಧದ ಆದೇಶ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಕೇಳುವಾಗ ಪರಿಸರ ಚಳವಳಿಯೂ ವಿವೇಕದಿಂದ ನಡೆಯಬೇಕು. ಅದಕ್ಕೆ ನೆರೆಯ ಸಾಗರ ತಾಲೂಕಿನ ಹಂದಿಗೋಡು ದೊಡ್ಡ ನಿದರ್ಶನ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ದಲಿತ ಕೃಷಿ ಕೂಲಿ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ಸವೆದು, ನಡೆಯಲಾಗದೆ ತೆವಳುವ ಸ್ಥಿತಿ ಬಂದದ್ದು ಬೆಳಕಿಗೆ ಬಂದಿತು. ಹೊಸ ಭತ್ತದ ತಳಿಗಳೊಂದಿಗೆ ಗದ್ದೆಗೆ ಬಂದ ಎಂಡ್ರಿನ್, ಪ್ಯಾರಾಥಿಯಾನ್ ಮುಂತಾದ ವಿಷಗಳು ಏಡಿಗಳನ್ನು ಸೇರಿ, ಏಡಿ ತಿಂದ ಬಡವರನ್ನು ಸೇರಿದವು ಎಂಬ ಅನುಮಾನ ಆಗ ವ್ಯಾಪಕವಾಗಿತ್ತು. ಅನುಮಾನ ಅಸಹಜವಾಗಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಅಧ್ಯಯನ ನಡೆಸಿ 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗ ಎಂದು ವರ್ಣಿಸಿದರು. ಮುಂದಿನ ಸಂಶೋಧನೆಗಳು ಅದು ತಲೆಮಾರಿನಿಂದ ತಲೆಮಾರಿಗೆ ದಾಟುವ, ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಅನುವಂಶೀಯ ರೋಗವೆಂದು ತೋರಿಸಿದವು. ಏಡಿ ಮತ್ತು ಕೀಟನಾಶಕದ ವಾದಕ್ಕೆ ಪುರಾವೆಯ ಬಲ ದೊರೆಯಲಿಲ್ಲ.

ಹಂದಿಗೋಡಿನಿಂದ ಎರಡು ಪಾಠ ಕಲಿಯಬಹುದು. ಎಲ್ಲ ಸಂಕಟಕ್ಕೂ ಕೀಟನಾಶಕವೇ ಕಾರಣ ಎಂದು ಮೊದಲೇ ತೀರ್ಪು ಕೊಟ್ಟರೆ ರೋಗಿಗೆ ಅನ್ಯಾಯವಾಗುತ್ತದೆ, ಚಳವಳಿಯ ಮಾತಿನ ತೂಕವೂ ಇಳಿಯುತ್ತದೆ. ಇದು ಮೊದಲ ಪಾಠ. ಎರಡನೆಯದು ಅಷ್ಟೇ ಮುಖ್ಯವಾದದ್ದು. ಹಂದಿಗೋಡು ರೋಗಕ್ಕೆ ಕೀಟನಾಶಕ ಕಾರಣವಲ್ಲ ಎಂದು ತೀರ್ಮಾನವಾದರೆ, ಗದ್ದೆಯ ಏಡಿ ಶುದ್ಧವಾಗಿದೆ ಎಂದು ತೀರ್ಮಾನವಾದಂತಲ್ಲ. ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕಡತದೊಳಗೆ ಕಟ್ಟಿಡುವುದು ವಿಜ್ಞಾನದ ರೀತಿಯಲ್ಲ. ಮಲೆನಾಡಿನ ಬಡವರು ಮಳೆಗಾಲದಲ್ಲಿ ಗದ್ದೆ, ಹಳ್ಳಗಳ ಏಡಿಯನ್ನೂ ಮೀನನ್ನೂ ಈಗಲೂ ತಿನ್ನುತ್ತಾರೆ. ಅದರಲ್ಲಿ ಏನಿದೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ಅಳತೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಪುಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಂಗವಿಕಲ ಕರುಗಳು ಹುಟ್ಟುತ್ತಿರುವ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಪಡ್ರೆ ಗ್ರಾಮದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಅಸಹಜ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗುರುತಿಸಿ ದಾಖಲಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಗಂಡುಮಕ್ಕಳ ಬೆಳವಣಿಗೆಯ ಮೇಲೆ ಎಂಡೋಸಲ್ಫಾನ್ ಬೀರಿದ ಪರಿಣಾಮವನ್ನು ಪ್ರಕಟಿಸಿದ್ದು 2003ರಲ್ಲಿ. ಸ್ಟಾಕ್‌ಹೋಮ್ ಒಪ್ಪಂದದಡಿ ಅದನ್ನು ಜಾಗತಿಕವಾಗಿ ಕೈಬಿಡುವ ನಿರ್ಣಯವೂ ಸುಪ್ರೀಂ ಕೋರ್ಟಿನ ನಿಷೇಧವೂ ಬಂದದ್ದು 2011ರಲ್ಲಿ. ಪರಿಹಾರ ಕೊಡುವಂತೆ ಕೇರಳಕ್ಕೆ ಕೋರ್ಟು ಆದೇಶಿಸಿದ್ದು 2017ರಲ್ಲಿ. ಕರು ಹುಟ್ಟಿದ ದಿನದಿಂದ ಪರಿಹಾರದ ಆದೇಶದವರೆಗೆ ಒಂದು ತಲೆಮಾರೇ ಕಳೆಯಿತು. ನಡುವೆ ಕಾರ್ಯದಕ್ಷತೆ ತೋರಿದ್ದು ದೊಡ್ಡ ಪ್ರಯೋಗಾಲಯಗಳಿಗಿಂತ ಮೊದಲು ಒಬ್ಬ ಹಳ್ಳಿ ವೈದ್ಯರ ದಾಖಲೆ ಎಂಬುದನ್ನು ಗಮನಿಸಬೇಕು.

ಸೊರಬದ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಲು ಬರುತ್ತವೆ. ಪಕ್ಷಿಧಾಮದ ವಿಸ್ತಾರ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಹಕ್ಕಿಗಳು ಮರಿಗಳಿಗೆ ಆಹಾರ ತರುವುದು ಬೇಲಿಯ ಹೊರಗಿನ ಗದ್ದೆ ಮತ್ತು ಕೆರೆಗಳಿಂದ. ಕೀಟದಿಂದ ಕಪ್ಪೆಗೆ, ಕಪ್ಪೆಯಿಂದ ಕೊಕ್ಕರೆಗೆ, ಮೀನಿನಿಂದ ನೀರುಕಾಗೆಗೆ ಹೋದಂತೆ ಡಿಡಿಟಿಯಂಥ ವಿಷಗಳು ಕೊಬ್ಬಿನಲ್ಲಿ ಶೇಖರಗೊಳ್ಳುತ್ತ ಸಾಂದ್ರವಾಗುತ್ತವೆ. ಹಕ್ಕಿಗಳ ಮೊಟ್ಟೆಯ ಕವಚ ತೆಳುವಾಗಿರುವುದನ್ನು ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ತೋರಿಸಲು ಸಾಧ್ಯವಾದದ್ದು ದಶಕಗಳ ಹಿಂದಿನ ಮೊಟ್ಟೆಗಳನ್ನು ಸಂಗ್ರಹಾಲಯಗಳಲ್ಲಿ ಜೋಪಾನ ಮಾಡಿದ್ದರಿಂದ. ಹಿಂದಿನ ಲೆಕ್ಕವಿದ್ದರೆ ಮಾತ್ರ ಇಂದಿನ ನಷ್ಟ ಗೊತ್ತಾಗುತ್ತದೆ.

ಹಕ್ಕಿ ಸತ್ತರೆ ಮನುಷ್ಯನಿಗೇನು ಎನ್ನುವವರಿಗೆ ರಣಹದ್ದಿನ ಕಥೆ ಉತ್ತರ ಹೇಳುತ್ತದೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿದೆ ಎಂದು ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ರಣಹದ್ದುಗಳು ಬಹುತೇಕ ಅಳಿದಿದ್ದವು. ಕೊಳೆತ ಕಳೇಬರ ಉಳಿದು, ನಾಯಿಗಳು ಹೆಚ್ಚಿ, ನೀರು ಮಲಿನಗೊಂಡು 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯರ ಸಾವಿಗೆ ಅದು ಕಾರಣವಾಯಿತೆಂದು ಎಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಅಂದಾಜಿಸಿದೆ. ಕ್ಯಾಸನೂರಿನ ಮಂಗ ಹೇಳಿದ್ದನ್ನೇ ರಣಹದ್ದೂ ಹೇಳಿದೆ.

ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಕಲ್ಲಿನಲ್ಲಿ ಬರೆದಿಟ್ಟಿದೆ. ಒಂದೂವರೆ ಸಾವಿರ ವರ್ಷಗಳ ಹಿಂದೆ ಕೆರೆಯ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಿಸಿದ ನಾಡಿದು. ಇಂದು ಆ ಸೀಮೆಯ ಕೆರೆನೀರಿನಲ್ಲಿ ಏನಿದೆ ಎಂಬುದನ್ನು ಕಾಗದದಲ್ಲಿಯೂ ಬರೆದು ಜನರಿಗೆ ತೋರಿಸುವವರಿಲ್ಲ. ಸಾಧನವಿಲ್ಲ ಎನ್ನುವಂತಿಲ್ಲ. ಜಿಲ್ಲೆಯಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಪಶುವೈದ್ಯ ಕಾಲೇಜೂ ವೈರಾಣು ಪತ್ತೆ ಪ್ರಯೋಗಾಲಯವೂ ಇವೆ. ಇವುಗಳ ನಡುವೆ ಸೇತುವೆ ಕಟ್ಟುವ ಇಚ್ಛಾಶಕ್ತಿಯ ಕೊರತೆಯೇ ದೊಡ್ಡದು.

ಈ ಹಿನ್ನೆಲೆಯಲ್ಲಿ ಮಲೆನಾಡಿನ ಜನತೆ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ದೊಡ್ಡ ಖರ್ಚಿನವಲ್ಲ. ಮಂಗ ಸತ್ತಾಗ ವೈರಾಣು ಪರೀಕ್ಷೆಯ ಜೊತೆಗೆ ವಿಷದ ಪರೀಕ್ಷೆಯೂ ನಡೆಯಬೇಕು, ಫಲಿತಾಂಶ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಗೆ ತಲುಪಬೇಕು. ಗುಡವಿ, ಅಂಜನಾಪುರ ಜಲಾಶಯ, ಶಿಕಾರಿಪುರದ ಹುಚ್ಚರಾಯನ ಕೆರೆ, ಹಾಗೂ ದಂಡಾವತಿ, ವರದಾ, ಕುಮುದ್ವತಿ ನದಿಗಳಲ್ಲಿ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮತ್ತು ನಂತರ ನೀರು, ಕೆಸರು, ಮೀನು, ಏಡಿಗಳಲ್ಲಿನ ಕೀಟನಾಶಕದ ಉಳಿಕೆಯನ್ನು ಅಳೆಯಬೇಕು. ಗುಡವಿಯಲ್ಲಿ ಹಕ್ಕಿಗಳು ತೊರೆದ ಮೊಟ್ಟೆಗಳನ್ನು ಸಂಗ್ರಹಿಸಿ ಇಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆ ಪುಸ್ತಕದಲ್ಲಿ ರೋಗಿ ಸಿಂಪಡಣೆ ಕೆಲಸ ಮಾಡುತ್ತಾರೆಯೇ, ಯಾವ ಔಷಧಿ ಬಳಸುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಜಾಗವಿರಬೇಕು. ಕಾಡಿಗೆ ಎರಚಿದ ಮೆಲಾಥಿಯಾನಿನ ಪ್ರಮಾಣ ಮತ್ತು ಸ್ಥಳ ಪ್ರಕಟವಾಗಬೇಕು. ಕಾಡು ಸವರಿ ನೆಡುತೋಪು ಮಾಡುವ ಯಾವುದೇ ಯೋಜನೆಗೆ ಮೊದಲು ಅದರಿಂದ ಮಂಗನ ಕಾಯಿಲೆಯ ಅಪಾಯ ಹೆಚ್ಚುವುದೇ ಎಂಬ ಪರಿಶೀಲನೆ ಕಡ್ಡಾಯವಾಗಬೇಕು.

ಸರ್ಕಾರದ ದಾರಿ ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಜನತಾ ದಾಖಲಾತಿಯನ್ನೂ ವಿಧಿಸಿದೆ. ಬಹಳ ಕಡೆ ಅದು ಒಮ್ಮೆ ಬರೆದು ಬೀರುವಿನಲ್ಲಿಟ್ಟ ಪುಸ್ತಕವಾಗಿದೆ. ಅದೇ ಪುಸ್ತಕದಲ್ಲಿ ಯಾವ ದಿನ ಯಾವ ಕೆರೆಯಲ್ಲಿ ಮೀನು ತೇಲಿದವು, ಎಲ್ಲಿ ಮಂಗ ಸತ್ತಿತು, ಯಾವ ಗದ್ದೆಯಲ್ಲಿ ಕಪ್ಪೆಯ ಕೂಗು ನಿಂತಿತು, ಜೇನು ಎಲ್ಲಿ ಗೂಡು ಬಿಟ್ಟಿತು ಎಂದು ಶಾಲಾ ಮಕ್ಕಳೂ ಶಿಕ್ಷಕರೂ ರೈತರೂ ದಿನಾಂಕದೊಂದಿಗೆ ಬರೆಯಬಹುದು. ಸಿಂಪಡಣೆ ಯಂತ್ರವನ್ನು ಕೆರೆಯಲ್ಲಿ ತೊಳೆಯುವುದು, ಖಾಲಿ ಡಬ್ಬಿಯನ್ನು ಕಾಲುವೆಗೆ ಎಸೆಯುವುದು, ಮೀನು ಹಿಡಿಯಲು ಹಳ್ಳಕ್ಕೆ ಕೀಟನಾಶಕ ಹಾಕುವುದು, ಇವನ್ನು ನಿಲ್ಲಿಸಲು ಯಾವ ಸಂಶೋಧನೆಯೂ ಬೇಕಾಗಿಲ್ಲ. ಇಲ್ಲಿ ರೈತನನ್ನು ದೂರಿ ಪ್ರಯೋಜನವಿಲ್ಲ. ಕೂಲಿಯಾಳು ಸಿಗದೆ, ಬೆಲೆ ನಿಲ್ಲದೆ, ಅಂಗಡಿಯವನ ಸಲಹೆಯೊಂದನ್ನೇ ನಂಬಬೇಕಾದ ಸ್ಥಿತಿಯಲ್ಲಿ ಅವನಿದ್ದಾನೆ. ವಿಷ ಮೊದಲು ಸೇರುವುದು ಅವನ ಶ್ವಾಸಕೋಶವನ್ನೇ.

ಸೊರಬದ ಕಾಡು ತನ್ನ ಮಂಗಗಳ ಕಳೇಬರ, ಉಣುಗು, ಜನರ ರಕ್ತ ಎಲ್ಲವನ್ನೂ ವಿಜ್ಞಾನಕ್ಕೆ ಕೊಟ್ಟಿದೆ. ಆ ಮಾದರಿಗಳಿಂದ ದೇಶವಿದೇಶಗಳಲ್ಲಿ ಪ್ರಬಂಧಗಳು ಪ್ರಕಟವಾದವು. ಕಾಯಿಲೆ ಮಾತ್ರ ಕರ್ನಾಟಕದ ಗಡಿ ದಾಟಿ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳವರೆಗೂ ಹಬ್ಬಿತು. ಕೊಟ್ಟ ಊರಿಗೆ ವಿಜ್ಞಾನ ಹಿಂದಿರುಗಿಸಬೇಕಾದ ಋಣವೊಂದಿದೆ. ಆ ಋಣ ತೀರುವುದು ಪ್ರತಿವರ್ಷ ಅಳೆದು, ಕನ್ನಡದಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳುವ ಪ್ರಾಮಾಣಿಕ ಲೆಕ್ಕದಿಂದ. ಅಳತೆಯ ಫಲಿತಾಂಶ ಭಯ ಹುಟ್ಟಿಸಬಹುದು, ಇಲ್ಲವೇ ಹಂದಿಗೋಡಿನಂತೆ ಅನುಮಾನವನ್ನು ಸುಳ್ಳಾಗಿಸಬಹುದು. ಎರಡರಲ್ಲಿ ಯಾವುದಾದರೂ ಆಗಲಿ, ಅದನ್ನು ಮೊದಲು ತಿಳಿಯಬೇಕಾದವರು ಆ ನೀರು ಕುಡಿಯುವವರು. ಮುಂದಿನ ಮಳೆಗಾಲಕ್ಕೆ ಮೊದಲು ಎರಡೂ ತಾಲೂಕುಗಳ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳು ನಿರ್ಣಯಗಳಾಗಿ ದಾಖಲಾಗಲಿ.